ನೀರುಕಾಗೆಯ ಶಿವರಾತ್ರಿ

11 ಫೆಬ್ರವರಿ 2024, ಭಾನುವಾರ. ಬೆಂಗಳೂರು

ಕೆರೆಯ ನೀರು ಅಳೆಯಲು ನಾವು ಐವರು ಕಟ್ಟಿದ ದೋಣಿಗೆ ಕೊನೆಗೂ ಹೆಸರಿಟ್ಟೆವು: ನೀರುಕಾಗೆ. ನಮ್ಮಲ್ಲಿ ಉಡುಪಿಯವಳು ಸೂಚಿಸಿದ್ದು. ಮುಳುಗೆದ್ದು ಬಂದು, ಬಂಡೆಯ ಮೇಲೆ ರೆಕ್ಕೆ ಹರವಿಕೊಂಡು ಬಿಸಿಲು ಕಾಯಿಸುವ ಆ ಹಕ್ಕಿಯನ್ನು ನೋಡಿದವರಿಗೆ ಯಾಕೆಂದು ಹೇಳಬೇಕಿಲ್ಲ. ಆರಿಂಚಿನ ಎರಡು ಪಿವಿಸಿ ಪೈಪು, ಮೇಲೆ ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ 50 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್. ದಾರಿ ಹಿಡಿಸುವುದು ಆರ್ಡುಪೈಲಟ್. ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟಿರುವ ಪ್ರೋಗ್ರಾಂ.

ರಾತ್ರಿ ಮತ್ತೆ ಸೀಚಾರ್ಜರ್ ಕಥೆ ತೆಗೆದೆವು. 2016ರಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ, ಮನುಷ್ಯರಿಲ್ಲದೆ, ಬಿಸಿಲನ್ನೇ ನಂಬಿ, 40 ದಿನಗಳ ಮೇಲೆ ತೇಲಿ ಹೋದ ದೋಣಿ. ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಕಟ್ಟಿದ್ದು. ನಮಗೆ ಬೇಕಿರುವುದು ಒಂದೇ ಒಂದು ಕೆರೆ.

24 ಫೆಬ್ರವರಿ, ಶನಿವಾರ. ಊರು

ನಮ್ಮೂರ ಕೆರೆಯಲ್ಲೇ ಮೊದಲ ಇಳಿತ. ನಾನೇ ಹಟ ಹಿಡಿದಿದ್ದೆ. ಚಿಕ್ಕವಳಿದ್ದಾಗ ಈ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆರೆಯಿಂದ ಕೆರೆಗೆ ಹರಿದು ನಮ್ಮಲ್ಲಿಗೂ ಮುಟ್ಟಿತು. ಒಣಗಿಹೋಗಿದ್ದ ಅಪ್ಪನ ಬೋರ್‌ವೆಲ್ಲು ಮತ್ತೆ ನೀರೆತ್ತಿದ ದಿನ ಅಮ್ಮ ಅದಕ್ಕೆ ಕುಂಕುಮ ಇಟ್ಟಿದ್ದಳು. ಆ ನೀರನ್ನು ನಾನು ಹಗುರವಾಗಿ ಆಡಿಕೊಳ್ಳಲಾರೆ. ಆದರೆ ಎರಡು ಹಂತದ ಸಂಸ್ಕರಣೆಯಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅದೇ ಪಾಚಿಗೆ ಗೊಬ್ಬರ. ಕೆರೆ ಹಸಿರುಗಟ್ಟಿರುವುದು ಕಣ್ಣಿಗೇ ಕಾಣುತ್ತದೆ. ಕಾಣದಿರುವುದನ್ನು ಅಳೆಯಬೇಕು.

ಅರ್ಧ ಗಂಟೆ ಚೆನ್ನಾಗಿ ಹೋದ ದೋಣಿ ನಡುನೀರಿನಲ್ಲಿ ಸುತ್ತತೊಡಗಿತು. ಮೀನು ಹರಾಜು ಹಿಡಿದಿರುವ ಅಣ್ಣ ತೆಪ್ಪದಲ್ಲಿ ಹೋಗಿ ಎಳೆದು ತಂದರು. ಎಡ ಪ್ರೊಪೆಲ್ಲರಿಗೆ ಬಲೆಯ ನೈಲಾನ್ ದಾರ. ಕೂದಲಿಗಿಂತ ದಪ್ಪವಿಲ್ಲ, ಸುತ್ತಿ ಸುತ್ತಿ ಕಡಲೆಕಾಳಿನಷ್ಟು ಗಂಟು. ಮೋಟಾರಿನ ಬಿಸಿಗೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಅವರು ಹಲ್ಲಲ್ಲಿ ಬ್ಲೇಡು ಮುರಿದು, ಆ ಚೂರಿನಿಂದ ಒಂದೊಂದೇ ಎಳೆ ಬಿಡಿಸಿದರು. ಬಿಡಿಸುತ್ತಲೇ ಕೇಳಿದರು:

"ಏನಮ್ಮಣ್ಣಿ ಅಳೀತೀರಾ ಇದರಲ್ಲಿ?"

ನೀರಲ್ಲಿ ಕರಗಿದ ಆಮ್ಲಜನಕ, ಮೀನು ಉಸಿರಾಡುತ್ತಲ್ಲಣ್ಣ ಅದು, ಅಂದೆ.

"ಮೀನು ಬಾಯಿ ಬಿಡೋದು ಕೋಳಿ ಕೂಗೋ ಹೊತ್ತಲ್ಲಿ. ಮಟಮಟ ಮಧ್ಯಾಹ್ನ ಅಳೆದರೆ ಏನು ಸಿಕ್ತದೆ?"

ಪುಸ್ತಕದಲ್ಲಿ ಓದಿದ್ದೇ. ಪಾಚಿ ಬಿಸಿಲಿರುವಾಗ ಆಮ್ಲಜನಕ ಬಿಡುತ್ತದೆ, ಕತ್ತಲಾದ ಮೇಲೆ ಅದೂ ಉಸಿರಾಡಿ ಅದನ್ನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಆಮ್ಲಜನಕದ ಮಟ್ಟ ತಳ ಮುಟ್ಟುತ್ತದೆ. ಓದಿದ್ದೂ ಇಷ್ಟು ದಿನ ಹತ್ತು ಗಂಟೆಯ ಮೇಲೆ ಬಾಟಲಿ ಹಿಡಿದು ಹೋಗುತ್ತಿದ್ದೆವು. ಯಾರೂ ಇಲ್ಲದ ಹೊತ್ತಿನಲ್ಲಿ ನೀರ ಮೇಲಿರಲಿ ಎಂದೇ ಅಲ್ಲವೇ ದೋಣಿ ಕಟ್ಟಿದ್ದು?

29 ಫೆಬ್ರವರಿ, ಗುರುವಾರ

ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ. ದೋಣಿ ಮುಟ್ಟಲಿಲ್ಲ.

3 ಮಾರ್ಚ್, ಭಾನುವಾರ

ರಾತ್ರಿಯ ಲೆಕ್ಕ. ಬ್ಯಾಟರಿ 240 ವ್ಯಾಟ್-ಅವರ್. ಎಲೆಕ್ಟ್ರಾನಿಕ್ಸ್ ಆರು ವ್ಯಾಟಿನಂತೆ ಹನ್ನೆರಡು ಗಂಟೆಗೆ 72. ಮೋಟಾರು ಗಂಟೆಗೆ ಕಾಲು ಗಂಟೆ ಮಾತ್ರ, ನಿಧಾನಕ್ಕೆ, 40 ವ್ಯಾಟಿನಲ್ಲಿ, ಅದಕ್ಕೆ 120. ಹಿಂದಿನ ಹಗಲು ಮೋಡವಿಲ್ಲದಿದ್ದರೆ ಸಾಕು.

ಇನ್ನೊಂದು ತಪ್ಪನ್ನು ರಾಯಚೂರಿನವನು ಹಿಡಿದ. ಆಮ್ಲಜನಕ ಅಳೆಯುವ ಪ್ರೋಬನ್ನು ಸಮುದ್ರಮಟ್ಟದ ಲೆಕ್ಕಕ್ಕೆ ಹೊಂದಿಸಿದ್ದೆವು. ಅಲ್ಲಿ 25 ಡಿಗ್ರಿಯ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 800 ಮೀಟರಿಗೂ ಎತ್ತರದ ನಮ್ಮೂರಲ್ಲಿ ಗಾಳಿಯ ಒತ್ತಡ ಕಡಿಮೆ, ಸುಮಾರು 7.5 ಅಷ್ಟೇ. ಮೊನ್ನೆಯ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ. ಬೇಸರವಾಯಿತು. ಆದರೂ ಸುಳ್ಳು ಅಂಕಿಗಿಂತ ಖಾಲಿ ಪುಟ ವಾಸಿ.

8 ಮಾರ್ಚ್, ಶುಕ್ರವಾರ. ಶಿವರಾತ್ರಿ

ಊರೇ ಎದ್ದಿರುವ ರಾತ್ರಿ ಬೇಕೆಂದೇ ಆರಿಸಿದೆವು. ಗುಡಿಯಲ್ಲಿ ಭಜನೆ, ಏರಿಯ ಮೇಲೆ ನಾವು ಐವರು. ಮಧ್ಯಾಹ್ನ ಮೂರಕ್ಕೆ ಆಮ್ಲಜನಕ 12.1 ಇತ್ತು, ನೀರು ಹಿಡಿಯಬಲ್ಲುದಕ್ಕಿಂತ ಎಷ್ಟೋ ಹೆಚ್ಚು. ಸಂಜೆ ಏಳಕ್ಕೆ 9.4. ರಾತ್ರಿ ಹನ್ನೊಂದಕ್ಕೆ 5.8. ದೋಣಿಯ ಪುಟ್ಟ ಕೆಂಪು ದೀಪ ಕತ್ತಲಲ್ಲಿ ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗಿ ನಿಲ್ಲುವುದನ್ನು ನೋಡುತ್ತಾ ತಾತ ಕಂಬಳಿ ಹೊದ್ದು ಕೂತಿದ್ದರು. ಮಲಗಿ ತಾತ ಅಂದರೆ, "ಜಾಗರಣೆ ಕಣೇ" ಅಂದರು.

9 ಮಾರ್ಚ್, ಶನಿವಾರ. ಬೆಳಗಿನ ಜಾವ

ಮೂರಕ್ಕೆ 2.6. ಐದೂಹತ್ತಕ್ಕೆ ಕೆರೆಯ ನಡುವೆ 1.3. ಆ ಅಂಕಿ ಲ್ಯಾಪ್‌ಟಾಪಿನಲ್ಲಿ ಮೂಡುವಾಗಲೇ ಶಬ್ದ ಕೇಳಿಸಿತು: ಪಚ್, ಪಚ್, ಪಚ್. ಟಾರ್ಚು ಹಾಕಿದೆವು. ದಡದುದ್ದಕ್ಕೂ ಕಾಟ್ಲಾ ಮೀನುಗಳ ದುಂಡನೆಯ ಬಾಯಿಗಳು, ನೀರಿನ ಮೇಲ್ಪದರಕ್ಕೆ ಒತ್ತಿಕೊಂಡು ಗಾಳಿಗೆ ತಡಕಾಡುತ್ತಿದ್ದವು. ಯಾರೂ ಮಾತಾಡಲಿಲ್ಲ.

ಅಣ್ಣ ಬಂದು ಪರದೆಯತ್ತ ಬಗ್ಗಿದರು. ಅಂಕಿಗಿಂತ ನಕ್ಷೆ ಅವರಿಗೆ ಹಿಡಿಸಿತು. ಮೇಲಿನ ಕೆರೆಯ ನೀರು ಕಲ್ಲಿನ ಮೇಲಿಂದ ಧುಮುಕಿ ಸೇರುವ ಮೂಲೆಯಲ್ಲಿ ಮಾತ್ರ 4.2. "ಅಂದರೆ ಉಸಿರಿರೋದು ಅಲ್ಲೇ," ಅಂದವರು ಆ ಮೂಲೆಗೆ ಅಡ್ಡ ಕಟ್ಟಿದ್ದ ಬಲೆ ಬಿಚ್ಚಲು ತೆಪ್ಪ ತಳ್ಳಿಕೊಂಡು ಹೋದರು.

ಬ್ಯಾಟರಿಯಲ್ಲಿ ಇನ್ನೂ 31 ವ್ಯಾಟ್-ಅವರ್ ಇತ್ತು. ಪೂರ್ವಕ್ಕೆ ಮುಖ ಮಾಡಿ ನೀರುಕಾಗೆಯನ್ನು ನಿಲ್ಲಿಸಿದೆವು.