ಕರೆಯದೆ ಎಚ್ಚೆತ್ತ ಕಿವಿ

ನಿನ್ನೆ ಅಮ್ಮನ ಫೋನಿನಲ್ಲಿ ಸೆಟ್ಟಿಂಗ್ಸ್ ತೆಗೆದು, ಅದರೊಳಗೇ ಬಂದಿದ್ದ ಎಐ ಸಹಾಯಕನ ಮೈಕ್ ಅನುಮತಿ ಆಫ್ ಮಾಡಿದೆ. "ಇಷ್ಟು ದಿನ ಎಲ್ಲಾ ಕೇಳಿಸ್ಕೊತಿತ್ತೇನೋ?" ಅಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

2019ರಲ್ಲಿ ಬೆಲ್ಜಿಯಂನ ವಿಆರ್‌ಟಿ ಸುದ್ದಿಸಂಸ್ಥೆಯವರು ಗೂಗಲ್ ಅಸಿಸ್ಟೆಂಟ್ ಹಿಡಿದಿಟ್ಟ ಸಾವಿರಕ್ಕೂ ಹೆಚ್ಚು ಧ್ವನಿತುಣುಕುಗಳನ್ನು ಕೇಳಿದರು. ಅವುಗಳಲ್ಲಿ 153 ಯಾರೂ ಕರೆಯದೆಯೇ ದಾಖಲಾಗಿದ್ದವು. ಮಲಗುವ ಕೋಣೆಯ ಮಾತು, ಮಕ್ಕಳೊಂದಿಗಿನ ಮಾತು, ಜಗಳ. ಯಂತ್ರ ತಪ್ಪಾಗಿ ಎಚ್ಚೆತ್ತಿತ್ತು, ಸರಿ. ಆದರೆ ಗೂಗಲ್ ಪರವಾಗಿ ಕೂತು ಕೇಳಿದವರು ಮನುಷ್ಯರು, ಗುತ್ತಿಗೆ ಕೆಲಸದವರು. ತನ್ನ ಧ್ವನಿ ಸಹಾಯಕ 'ಸಿರಿ'ಯ ಮೇಲಿನ ಇಂಥದೇ ಮೊಕದ್ದಮೆ ಮುಗಿಸಲು ಆ್ಯಪಲ್ 9.5 ಕೋಟಿ ಡಾಲರ್ ಕೊಡಲು ಒಪ್ಪಿತು, ತಪ್ಪನ್ನು ಮಾತ್ರ ಒಪ್ಪಲಿಲ್ಲ.

ಖಾಸಗಿತನದ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದು. ಆ ಹಕ್ಕು ನಮ್ಮಮ್ಮನದೂ ಹೌದು. ಮೈಕ್ ಆನ್ ಮಾಡುವ ಮೊದಲೇ ಅವಳನ್ನು ಕೇಳಬೇಕಿತ್ತು, ಅವಳಿಗೆ ತಿಳಿಯುವ ಕನ್ನಡದಲ್ಲಿ.