ಅಪರಿಚಿತರ ಮುಂದೆ ಕ್ಯಾಮೆರಾ ಹಿಡಿದು

1838ರಲ್ಲಿ ಲೂಯಿ ದಾಗೇರ್ ಎಂಬಾತ ಪ್ಯಾರಿಸ್ ನಗರದ ಒಂದು ಬೀದಿಯನ್ನು ಎತ್ತರದ ಕಿಟಕಿಯಿಂದ ಚಿತ್ರವಾಗಿ ಸೆರೆಹಿಡಿದ. ಸದಾ ಗಿಜಿಗುಡುವ ಬೀದಿ ಅದು. ಆದರೆ ಚಿತ್ರದಲ್ಲಿ ಗಾಡಿಗಳಿಲ್ಲ, ಕುದುರೆಗಳಿಲ್ಲ, ಜನರಿಲ್ಲ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬಿಂಬ ಮೂಡಲು ಆಗ ಹಲವು ನಿಮಿಷ ಬೇಕಾಗುತ್ತಿತ್ತು. ಓಡಾಡುತ್ತಿದ್ದವರು ಯಾರೂ ಮೂಡಲಿಲ್ಲ. ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬನಷ್ಟೇ ಎದ್ದು ಕಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಅವನೇ ಎನ್ನುತ್ತಾರೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಬೆಳಕಿನ ಪಾಠ ಮಾಡುವಾಗ ನಾನು ಈ ಕಥೆಯನ್ನು ಮಕ್ಕಳಿಗೆ ಹೇಳುವುದುಂಟು. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಅವನನ್ನ ಕೇಳಿ ಫೋಟೋ ತೆಗೆದ್ರಾ ಸಾರ್?’ ಎಂದಳು. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಆದರೆ ಕ್ಯಾಮೆರಾ ಹಿಡಿದು ಬೀದಿಗಿಳಿಯುವ ಪ್ರತಿಯೊಬ್ಬನ ಮುಂದೆಯೂ ಇರುವ ಪ್ರಶ್ನೆ.

ಐವತ್ತು ದಾಟಿದ ಮೇಲೆ ನನಗೆ ಈ ಹುಚ್ಚು ಹತ್ತಿತು. ಒಂದು ಹಳೆಯ ಕ್ಯಾಮೆರಾ ಕೊಂಡು ಭಾನುವಾರದ ಬೆಳಗ್ಗೆ ಮೈಸೂರಿನ ಚಿಕ್ಕ ಗಡಿಯಾರದ ಬಳಿ ಹೋಗಿ ನಿಲ್ಲುತ್ತಿದ್ದೆ. ಮೊದಲ ಕೆಲವು ವಾರ ಪಾರಿವಾಳ, ಬಾಳೆಗೊನೆ, ಗಡಿಯಾರದ ಕಂಬ ಇವುಗಳದೇ ಚಿತ್ರ. ಎದುರಿಗೆ ಎಂತೆಂತಹ ಮುಖಗಳು! ಕ್ಯಾಮೆರಾ ಎತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಅರವತ್ತು ಮಕ್ಕಳ ಮುಂದೆ ದಿನವಿಡೀ ಮಾತಾಡುವ ಮೇಷ್ಟ್ರಿಗೆ ಒಬ್ಬ ಅಪರಿಚಿತನ ಮುಂದೆ ಬಾಯಿ ಒಣಗುತ್ತಿತ್ತು.

ಇದರ ವಿಜ್ಞಾನ ನನಗೆ ಹೊಸದಲ್ಲ. ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ, ಹೃದಯದ ಬಡಿತ ಏರುತ್ತದೆ. ಎದುರಿಗಿರುವುದು ಹುಲಿಯೋ ಹೂ ಮಾರುವ ಅಜ್ಜಿಯೋ, ದೇಹದ ಸಿದ್ಧತೆ ಒಂದೇ. ಆದರೆ ಯೋಚಿಸಿದಾಗ ನನ್ನ ಭಯದಲ್ಲಿ ಎರಡು ಪದರ ಕಂಡವು. ಒಂದು, ‘ಜನ ನನ್ನ ಬಗ್ಗೆ ಏನೆಂದುಕೊಂಡಾರು’ ಎಂಬ ನಾಚಿಕೆ. ಇನ್ನೊಂದು, ‘ಇವರ ಮುಖವನ್ನು ತೆಗೆದುಕೊಳ್ಳಲು ನಾನು ಯಾರು’ ಎಂಬ ಸಂಕೋಚ. ಮೊದಲನೆಯದನ್ನು ಬಿಡಬೇಕು. ಎರಡನೆಯದನ್ನು ಬಿಡಬಾರದು.

ಭಯ ತಪ್ಪಿಸಿಕೊಳ್ಳಲು ಸುಲಭದ ದಾರಿಗಳೂ ಇವೆ. ಉದ್ದನೆಯ ಟೆಲಿ ಲೆನ್ಸ್ ಹಾಕಿದರೆ ರಸ್ತೆಯ ಆಚೆ ಬದಿಯ ಮುಖ ಹತ್ತಿರ ಬರುತ್ತದೆ, ಆದರೆ ನಾವು ಈಚೆಯೇ ಉಳಿಯುತ್ತೇವೆ. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸಾನ್ ತನ್ನ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿ, ಯಾರ ಕಣ್ಣಿಗೂ ಬೀಳದಂತೆ ಓಡಾಡುತ್ತಿದ್ದರು. ಅವರ ಚಿತ್ರಗಳ ಹಿರಿಮೆಯನ್ನು ಜಗತ್ತೇ ಒಪ್ಪಿದೆ. ಆದರೆ ಅರ್ಧ ಊರಿಗೆ ಪರಿಚಯವಿರುವ ಮೇಷ್ಟ್ರು ಅಡಗುವುದಾದರೂ ಎಲ್ಲಿ?

ಅಮೆರಿಕದ ಡೊರೊಥಿಯಾ ಲ್ಯಾಂಗ್ ಅವರದು ಇನ್ನೊಂದು ದಾರಿ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಶಿಬಿರದಲ್ಲಿ, ಹಸಿದ ಮಕ್ಕಳೊಡನೆ ಕುಳಿತಿದ್ದ ತಾಯಿಯ ಹತ್ತಿರಕ್ಕೇ ನಡೆದುಹೋಗಿ ಅವರು ಕೆಲವು ಚಿತ್ರ ತೆಗೆದರು. ಪತ್ರಿಕೆಯಲ್ಲಿ ಅವು ಬಂದ ಮೇಲೆ ಸರ್ಕಾರ ಆ ಶಿಬಿರಕ್ಕೆ ಆಹಾರ ಕಳಿಸಿತು. ಒಂದು ಚಿತ್ರ ಜಗತ್ಪ್ರಸಿದ್ಧವಾಯಿತು. ಆದರೆ ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಅದು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ತನ್ನ ಮುಖ ಅಷ್ಟು ಹೆಸರು ಮಾಡಿದರೂ ತನಗೆ ಅದರಿಂದ ಏನೂ ಬರಲಿಲ್ಲವೆಂಬ ಬೇಸರ ಆ ತಾಯಿಗಿತ್ತು. ಹತ್ತಿರ ಹೋಗುವ ಧೈರ್ಯ ದೊಡ್ಡದೇ. ಹೆಸರು ಕೇಳುವುದು ಅದರ ಮುಂದಿನ ಹೆಜ್ಜೆ.

ನನಗೆ ಆ ಹೆಜ್ಜೆ ಇಡಿಸಿದವರು ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಕತ್ತಿ, ಚಾಕುಗಳಿಗೆ ಸಾಣೆ ಹಿಡಿಯುವ ಒಬ್ಬರು. ಸುಮಾರು ನನ್ನದೇ ವಯಸ್ಸು. ಎರಡು ವಾರ ದೂರದಿಂದ ನೋಡಿದವನು ಮೂರನೆಯ ವಾರ ಹೋಗಿ, ‘ಯಜಮಾನ್ರೇ, ನೀವು ಕೆಲಸ ಮಾಡೋದನ್ನ ಒಂದು ಫೋಟೋ ತೆಗೀಲಾ?’ ಎಂದೆ. ಮೇಲಿಂದ ಕೆಳಗೆ ನೋಡಿ, ‘ತೆಗೆಯೋದಾದ್ರೆ ಕಿಡಿ ಕಾಣೋ ಹಂಗೆ ತೆಗೀರಿ ಸ್ವಾಮಿ’ ಎಂದರು. ಕಳಚಿದ ಉಕ್ಕಿನ ಪುಡಿ ಕಾದು, ಗಾಳಿಯ ಆಮ್ಲಜನಕ ಸೇರಿ ಉರಿಯುವುದೇ ಆ ಕಿಡಿ. ಷಟರ್ 1/1000 ಸೆಕೆಂಡ್ ತೆರೆದರೆ ಅದು ಚುಕ್ಕಿಯಂತೆ ಕಾಣುತ್ತದೆ, 1/30 ಸೆಕೆಂಡ್ ತೆರೆದರೆ ಗೆರೆಯಾಗಿ ಎಳೆದುಕೊಳ್ಳುತ್ತದೆ. ಇದನ್ನು ಹೇಳಿದಾಗ ಅವರಿಗೆ ಖುಷಿಯಾಗಿ, ನನಗಾಗಿ ಮೂರು ಸಲ ಚಕ್ರ ತಿರುಗಿಸಿದರು.

ಮುಂದಿನ ಭಾನುವಾರ ಪ್ರಿಂಟ್ ಹಾಕಿಸಿ ಕೊಟ್ಟೆ. ಬಹಳ ಹೊತ್ತು ನೋಡಿದರು. ‘ಆಧಾರ್ ಕಾರ್ಡಿಂದು ಬಿಟ್ರೆ ನನ್ನ ಫೋಟೋ ಇರ್ಲಿಲ್ಲ. ಮಗ ಹಾಸ್ಟೆಲ್ನಾಗೆ ಓದ್ತಾವ್ನೆ. ಅಪ್ಪ ಏನ್ ಕೆಲ್ಸ ಮಾಡ್ತಾನೆ ಅಂತ ಕಣ್ಣಾರೆ ನೋಡಿಲ್ಲ. ಇನ್ನೊಂದು ಕೊಡಿ, ಅವ್ನಿಗೆ ಕಳಿಸ್ತೀನಿ’ ಎಂದರು. ಕದ್ದು ತೆಗೆದಿದ್ದರೆ ಆ ಚಿತ್ರ ನನ್ನ ಮನೆಯ ಡಬ್ಬಿಯಲ್ಲಿ ಇರುತ್ತಿತ್ತು. ಕೇಳಿ ತೆಗೆದದ್ದರಿಂದ ಅದು ಆ ಹುಡುಗನ ಕೈ ಸೇರಿತು.

ಎಲ್ಲರೂ ಹೂಂ ಎನ್ನುವುದಿಲ್ಲ. ಅಲ್ಲೇ ಸೇವಂತಿಗೆ ಮಾರುವ ಒಬ್ಬ ತಾಯಿ, ‘ನಂದೇನು ಬ್ಯಾಡ ಸ್ವಾಮಿ’ ಎಂದುಬಿಟ್ಟರು. ಕಾರಣ ಕೇಳಲಿಲ್ಲ, ಕೇಳಬಾರದು. ಕ್ಯಾಮೆರಾ ಚೀಲಕ್ಕೆ ಹಾಕಿ ಎರಡು ಮೊಳ ಹೂವು ಕೊಂಡೆ. ಈಗಲೂ ಹೋದಾಗ ಮಾತಾಡಿಸುತ್ತಾರೆ. ಫೋಟೋ ಮಾತ್ರ ಬೇಡವೆಂಬುದು ಬೇಡವೇ. ‘ಬೇಡ’ ಎಂಬುದನ್ನು ಮುಖ ಗಂಟಿಕ್ಕದೆ ಕೇಳಿಸಿಕೊಳ್ಳುವುದು ಈ ಧೈರ್ಯದ ಅರ್ಧ ಭಾಗ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಜೀವನವಿಡೀ ಸಾಮಾನ್ಯ ಜನರ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ವಿದ್ಯಾರ್ಥಿಗಳು ಆ ಚಿತ್ರಗಳನ್ನು ಹುಡುಕಿ ನೋಡಬೇಕು.

ಈಗ ಪ್ರತಿ ಮನೆಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಹೋದವರನ್ನು, ಅಪಘಾತದಲ್ಲಿ ಬಿದ್ದವರನ್ನು ಚಿತ್ರ ತೆಗೆದು ಹಂಚುವುದಕ್ಕೆ ಯಾವ ಧೈರ್ಯವೂ ಬೇಡ. ಮಕ್ಕಳೇ, ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ: ಈ ಚಿತ್ರದ ಪ್ರಿಂಟನ್ನು ಆ ವ್ಯಕ್ತಿಯ ಕೈಗೇ ಕೊಡಬಲ್ಲಿರಾ? ಇಲ್ಲವೆಂದಾದರೆ ತೆಗೆಯಬೇಡಿ.

ಪಾಲಕರಿಗೂ ಒಂದು ಮಾತು. ಮಗುವಿಗೆ ಫೋಟೋ ತೆಗೆಯುವ ಆಸೆಯಿದ್ದರೆ ದುಬಾರಿ ಕ್ಯಾಮೆರಾ ಕೊಡಿಸಲು ಅವಸರ ಮಾಡಬೇಡಿ. ಮೊದಲು ಜೊತೆಯಲ್ಲಿ ಕರೆದುಕೊಂಡು ಹೋಗಿ, ನಿಮ್ಮ ಬೀದಿಯ ಚಪ್ಪಲಿ ಹೊಲಿಯುವವರನ್ನೋ ಇಸ್ತ್ರಿಯವರನ್ನೋ ಹೆಸರು ಕೇಳಿ ಮಾತಾಡಿಸಲು ಹೇಳಿ. ಚಿತ್ರ ಆಮೇಲೆ ತೆಗೆಯಬಹುದು. ದಾಗೇರನಿಗೆ ಹಲವು ನಿಮಿಷ ಬೇಕಾಗುತ್ತಿದ್ದ ಕೆಲಸ ಇಂದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಉಳಿದ ಆ ನಿಮಿಷಗಳು ಮಾತಿಗೆ ಧಾರಾಳ ಸಾಕು.