ಸಾಬೂನಿನೊಳಗಿನ ಗಜ್ಜರಿ



ಕವಿತಾಳದ ಶಾಲೆಯಲ್ಲಿ ಆಮ್ಲ ಮತ್ತು ಕ್ಷಾರಗಳ ಪಾಠವನ್ನು ನಾನು ಅರಿಸಿನದ ಕಾಗದದಿಂದಲೇ ಆರಂಭಿಸುತ್ತಿದ್ದುದು ನಿಮಗೆ ನೆನಪಿರಬಹುದು. ಲಿಟ್ಮಸ್ ಕಾಗದ ಎಲ್ಲ ವರ್ಷವೂ ಸಿಗುತ್ತಿರಲಿಲ್ಲ, ಅರಿಸಿನಕ್ಕೆ ಬರವಿರಲಿಲ್ಲ. ಹಳದಿ ಕಾಗದದ ಮೇಲೆ ಸಾಬೂನಿನ ನೀರು ಬಿದ್ದೊಡನೆ ಅದು ಕೆಂಪಾಗುತ್ತಿತ್ತು. ಆರತಿಯ ನೀರಿಗೆ ಅರಿಸಿನದೊಡನೆ ಸುಣ್ಣ ಬೆರೆಸಿದಾಗ ಕಾಣುವ ಕೆಂಪೂ ಇದೇ ಎಂದರೆ ಇಡೀ ತರಗತಿ ತಲೆದೂಗುತ್ತಿತ್ತು.

ಆ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ಫೋನ್ ಮಾಡಿದ್ದಳು. “ಸರ, ಗಜ್ಜರಿ ಹಾಕಿದ ಸಬಕಾರಕ್ಕ ಬಣ್ಣ ಚೊಲೊ ಬಂದದ. ಬೀಟ್ರೂಟ್ ಹಾಕಿದ್ದು ಮಾತ್ರ ಕಂದಾಗಿ ಕುಂತದ. ಯಾಕ್ರಿ?” ಎಂದು ಕೇಳಿದಳು. ಅವಳದು ಬರಿಯ ಕುತೂಹಲವಾಗಿರಲಿಲ್ಲ. ಮದುವೆಯಾಗಿ ಹೋದ ಮಾನ್ವಿ ಕಡೆಯ ಊರಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಅವರ ಹೊಲದ ಒಂದು ಭಾಗ ಸವಳಾಗಿ ಬೆಳೆ ಬಾರದಂತಾಗಿದೆ. ಸ್ತ್ರೀಶಕ್ತಿ ಸಂಘದಿಂದ ಸಾಲ ಪಡೆದು ಅವಳೂ ಇನ್ನು ನಾಲ್ವರೂ ಮನೆಯಲ್ಲಿ ಸಾಬೂನು ಮಾಡತೊಡಗಿದ್ದಾರೆ. ಕಂದಾದ ಬಿಲ್ಲೆಗಳನ್ನು ಯಾರೂ ಕೊಳ್ಳುತ್ತಿಲ್ಲ.

ಉತ್ತರ ಆ ಅರಿಸಿನದ ಕಾಗದದಲ್ಲಿಯೇ ಇದೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿದಾಗ ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಆಗುವ ಸಾಬೂನು ಕ್ಷಾರಗುಣದ್ದೇ. ಬೀಟ್ರೂಟಿನ ಕೆಂಪು ನೀರಿನಲ್ಲಿ ಕರಗುವ ಬಣ್ಣ; ಹುಳಿಯಲ್ಲಿ ಬಾಳುತ್ತದೆ, ಕ್ಷಾರದಲ್ಲಿ ಒಡೆದು ಕಂದಾಗುತ್ತದೆ. ಗಜ್ಜರಿಯ ಬಣ್ಣ ಎಣ್ಣೆಯಲ್ಲಿ ಕರಗುವಂಥದು, ಕ್ಷಾರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಟೊಮ್ಯಾಟೊದ ಕೆಂಪೂ ಅದೇ ಕುಲದ್ದು. ಪಾಲಕ್‌ನ ಹಸಿರು ಮೊದಲು ಚೆನ್ನಾಗಿ ಕಂಡರೂ ಬೆಳಕಿಗೆ ಮಾಸುತ್ತದೆ. ಗಜ್ಜರಿಯ ಸಾಬೂನನ್ನೂ ರಾಯಚೂರಿನ ಬಿಸಿಲಿಗೆ ಒಡ್ಡದೆ ನೆರಳಿನಲ್ಲಿಯೇ ಇಡಬೇಕು.

ಮನೆಯಲ್ಲಿ ಮಾಡಬಯಸುವವರಿಗೆ ಅಳತೆಯ ಮಾತನ್ನೂ ಹೇಳಿಬಿಡುತ್ತೇನೆ. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 92 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮಕ್ಕೆ ಸೋಡಾ ತಾಗದಿರಲೆಂದು 87 ಗ್ರಾಮಿಗಿಂತ ಹೆಚ್ಚು ಹಾಕಬಾರದು. ಬೇರೆ ಎಣ್ಣೆಗೆ ಬೇರೆ ಲೆಕ್ಕ. ಕಣ್ಣಳತೆ ಸಲ್ಲದು, ತಕ್ಕಡಿಯೇ ಬೇಕು. ಒಟ್ಟು ನೀರು 175 ಗ್ರಾಂ ಎಂದಿಟ್ಟುಕೊಂಡರೆ ಅರ್ಧದಷ್ಟರಲ್ಲಿ ಸೋಡಾ ಕರಗಿಸಿ, ಉಳಿದರ್ಧದ ಬದಲಿಗೆ ಬೇಯಿಸಿ, ನುಣ್ಣಗೆ ಅರೆದು, ಸೋಸಿದ ಗಜ್ಜರಿಯನ್ನು ಎಣ್ಣೆಗೆ ಬೆರೆಸಬೇಕು. ತುರಿ ಉಳಿದರೆ ಕಪ್ಪು ಚುಕ್ಕೆಯಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಗಜ್ಜರಿಯ ಸಕ್ಕರೆಯಿಂದ ಮಿಶ್ರಣ ಬಿಸಿಯೇರುವುದರಿಂದ ಅದನ್ನು ಕಂಬಳಿಯಲ್ಲಿ ಸುತ್ತಿಡಬೇಡಿ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ನಾವು ಜರ್ಮನ್ ಪಾತ್ರೆ ಎನ್ನುವ ಅಲ್ಯೂಮಿನಿಯಂ ಬೇಡವೇ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕೈಗೆ ಕೈಚೀಲ, ಕಣ್ಣಿಗೆ ಕನ್ನಡಕವಿರಲಿ; ಮಕ್ಕಳು ದೂರವಿರಲಿ. ಬಿಲ್ಲೆ ಕೊಯ್ದ ಮೇಲೆ ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಅವಳು ಚೀಟಿಯ ಚಿತ್ರವೊಂದನ್ನು ಕಳುಹಿಸಿದಳು. ಅದರಲ್ಲಿ “ಎರಡು ವಾರದಲ್ಲಿ ಬಿಳಿ ಮೈಬಣ್ಣ” ಎಂದಿತ್ತು. ಸಂಘದವರೆಲ್ಲ, ಹಾಗೆ ಬರೆಯದಿದ್ದರೆ ಮಾಲು ಹೋಗುವುದಿಲ್ಲ, ಸಾಲದ ಕಂತು ನಿಲ್ಲುವುದಿಲ್ಲ ಎಂದರಂತೆ. ಆ ಕಷ್ಟ ಸುಳ್ಳಲ್ಲ. ಆದರೂ ಆ ಸಾಲನ್ನು ತೆಗೆಯಮ್ಮ ಎಂದೆ. ಸಾಬೂನು ಮೈಮೇಲೆ ಇರುವುದು ಒಂದೆರಡು ನಿಮಿಷ. ಸೋಡಾದೊಡನೆ ಕೂಡಿದ ತರಕಾರಿಯಲ್ಲಿ ಸಿ ಜೀವಸತ್ವ ಉಳಿಯುವುದಿಲ್ಲ. ಉಳಿದ ಬಣ್ಣ ನೀರಿನೊಡನೆ ಬಚ್ಚಲಿಗೆ ಹೋಗುತ್ತದೆ. ಚರ್ಮದ ಕಪ್ಪು ಚರ್ಮದೊಳಗಿನ ಮೆಲನಿನ್‌ನದು. ಅದು ಕೊಳೆಯಲ್ಲ, ತೊಳೆದರೆ ಹೋಗುವಂಥದೂ ಅಲ್ಲ. ಮಾರಾಟಕ್ಕೆ ತಯಾರಿಸಬೇಕಾದರೆ 2020ರ ಸೌಂದರ್ಯವರ್ಧಕ ನಿಯಮಗಳಂತೆ ಪರವಾನಗಿಯೂ ಬೇಕೆಂದು ತಿಳಿಸಿದೆ.

ಕಾನೂನಿಗಿಂತ ನನ್ನನ್ನು ಕಾಡಿದ್ದು ಬೇರೆ. ಸ್ನೇಹಸಮ್ಮೇಳನದ ದಿನ ನಮ್ಮ ಶಾಲೆಯ ಕೆಲವು ಹುಡುಗಿಯರು ಕಪ್ಪುಹಲಗೆಯ ಕೆಳಗೆ ಉದುರಿದ ಸೀಮೆಸುಣ್ಣದ ಪುಡಿಯನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಬೆವರಿಗೆ ಅದು ಗೆರೆಗೆರೆಯಾಗಿ ಇಳಿಯುತ್ತಿತ್ತು, ಹಿಂದಿನ ಸಾಲಿನವರು ನಗುತ್ತಿದ್ದರು. ಅಂದು ಪುಡಿ ಬಳಿದುಕೊಂಡವರ ಹೆಣ್ಣುಮಕ್ಕಳೇ ಇಂದು ಆ ಚೀಟಿಯನ್ನು ಓದುವವರು. ಎರಡು ವಾರ ಕಾದು, ಕನ್ನಡಿ ನೋಡಿ, ಸಾಬೂನು ಸುಳ್ಳೆಂದು ಅವರು ತಿಳಿಯುವುದಿಲ್ಲ. ತಮ್ಮ ಮೈಯೇ ಸರಿಯಿಲ್ಲವೆಂದು ತಿಳಿಯುತ್ತಾರೆ.

ಗಜ್ಜರಿಯ ಸಾಬೂನು ಕೊಳೆ ತೆಗೆಯುತ್ತದೆ, ನೋಡಲು ಹಿತವಾಗಿದೆ, ನಮ್ಮವರ ಕೈಯ ದುಡಿಮೆಯಿಂದ ಆದದ್ದು. ಮಾರಲು ಇಷ್ಟು ಸತ್ಯ ಸಾಕಾಗಬೇಕು. ಸಾಕಾಗುವಂತೆ ಮಾಡುವುದು ಕೊಳ್ಳುವವರಾದ ನಮ್ಮ ಕೈಯಲ್ಲಿದೆ. ನಿಮ್ಮೂರಿನ ಸಂತೆಯಲ್ಲಿ ಇಂಥ ಬಿಲ್ಲೆ ಕಂಡರೆ ಚೀಟಿ ಓದಿರಿ. ಬೆಳ್ಳಗೆ ಮಾಡುವೆನೆಂಬ ಮಾತಿಲ್ಲದ ಬಿಲ್ಲೆಯನ್ನು ಕೊಂಡು, ಆ ಕಾರಣಕ್ಕೇ ಕೊಂಡೆನೆಂದು ಮಾರುವವಳಿಗೆ ಹೇಳಿ ಬನ್ನಿರಿ.